ಕರಾರು ಪತ್ರದಲ್ಲಿ ಮಳೆಗಾಲವನ್ನೂ ಬರೆಸಿ: ಶಿವಮೊಗ್ಗದಲ್ಲಿ ಬಾಡಿಗೆ ಮನೆ, ನನ್ನ ಅನುಭವ

ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕೋಕೆ ಆಷಾಢವೇ ಒಳ್ಳೆಯ ಕಾಲ. ಆ ತಿಂಗಳು ಹೆಚ್ಚಿನವರು ಮನೆ ಬದಲಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಖಾಲಿ ಮನೆ ಖಾಲಿಯಾಗಿಯೇ ಇರುತ್ತದೆ. ಓನರ್‌ಗೂ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಪುನರ್ವಸು ಮಳೆ ಹೊಡೆಯುವಾಗ ಮನೆ ಏನನ್ನೂ ಮುಚ್ಚಿಡಲಾರದು. ಏಪ್ರಿಲ್‌ನಲ್ಲಿ ಹೊಸ ಪೇಂಟ್ ನೋಡಿ ಅಡ್ವಾನ್ಸ್ ಕೊಟ್ಟವರಿಗೆ ಜುಲೈನಲ್ಲಿ ಅದೇ ಗೋಡೆಯ ಮೇಲೆ ಬೂಷ್ಟು ಕಾಣಿಸುತ್ತದೆ. ಹಾಗಾಗಿ ನಾನು ಆಷಾಢದಲ್ಲಿ ನೋಡಿದೆ, ಶ್ರಾವಣದಲ್ಲಿ ಒಕ್ಕಲು ಹೋದೆ.

ವಿನೋಬನಗರ, ಗೋಪಾಳ, ಗಾಡಿಕೊಪ್ಪ ಕಡೆಯೆಲ್ಲ ಅಲೆದೆ. ಪ್ರತಿ ಮನೆಯಲ್ಲೂ ಮೊದಲು ನೋಡಿದ್ದು ಪಡುವಣ ಗೋಡೆಯನ್ನು. ನಮ್ಮಲ್ಲಿ ಮಳೆಗಾಳಿ ಬರುವುದು ಆ ಕಡೆಯಿಂದ, ಇರಚಲು ಬಡಿಯುವುದೂ ಅಲ್ಲೇ. ಆ ಗೋಡೆಗೆ ಅಂಟಿಕೊಂಡ ಕಪಾಟು ಇದ್ದರೆ ಬಾಗಿಲು ತೆಗೆದು ವಾಸನೆ ನೋಡಿ. ತುಂಗೆಯ ಹತ್ತಿರದ ಬಡಾವಣೆಯಾದರೆ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿ. ಓನರ್‌ನಲ್ಲಿ ಅಲ್ಲ, ಪಕ್ಕದ ಮನೆಯವರಲ್ಲಿ, ಬೀದಿ ಕೊನೆಯ ಅಂಗಡಿಯವರಲ್ಲಿ ಕೇಳಿ.

ಇನ್ನು ಕಾನೂನು. ಬಾಡಿಗೆದಾರರನ್ನು ಕಾಯಲು ಬಾಡಿಗೆ ಕಾಯ್ದೆ ಇದೆ ಎಂದು ತುಂಬಾ ಜನ ನಂಬಿದ್ದಾರೆ. ಇದೆ, ನಿಜ. ಕರ್ನಾಟಕ ಬಾಡಿಗೆ ಕಾಯ್ದೆ, 1999. ಆದರೆ ತಿಂಗಳ ಬಾಡಿಗೆ ಒಂದು ಮಿತಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಆ ಮಿತಿ ಪ್ರದೇಶಕ್ಕೆ ತಕ್ಕಂತೆ 3,500 ಇಲ್ಲವೇ 2,000 ರೂಪಾಯಿ. ಈಗ ಆ ದುಡ್ಡಿಗೆ ಶಿವಮೊಗ್ಗದಲ್ಲಿ ಸಂಸಾರ ಮಾಡುವಂಥ ಮನೆ ಎಲ್ಲಿ ಸಿಗುತ್ತದೆ? 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಪಡೆಯಬಾರದು ಎಂದಿದೆ. ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ.

ಹಾಗಾದರೆ ನಮ್ಮಂಥವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಮತ್ತು ನಾವೇ ಸಹಿ ಹಾಕುವ ಕರಾರು ಪತ್ರ. ಆ ಹಳೆಯ ಕಾಯ್ದೆಯ 108ನೇ ಕಲಂ ಅನ್ನು ಬಾಡಿಗೆ ಮನೆಯಲ್ಲಿರುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ಓನರ್ ಮಾಡಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಮಾಡದೆ ಬಿಟ್ಟರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಅದರಲ್ಲಿದೆ. ಪ್ರಶ್ನೆ ಇರುವುದು ‘ಮಾಡಲೇಬೇಕಾದ’ ರಿಪೇರಿ ಯಾವುದು ಎಂಬಲ್ಲಿ. ಅದು ಕರಾರಿನಲ್ಲಿ ಇಲ್ಲದಿದ್ದರೆ ವಾದ ಶುರುವಾಗುತ್ತದೆ. ಮಲೆನಾಡಿನಲ್ಲಿ ಈ ಒಂದು ಸಾಲಿಗೆ ಇರುವ ಬೆಲೆ ಬೇರೆ ಯಾವ ಸಾಲಿಗೂ ಇಲ್ಲ.

ಅದಕ್ಕೇ ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗೆ ಸಹಿ ಹಾಕಲಿಲ್ಲ. ಕೆಲವು ಸಾಲು ಸೇರಿಸಿದೆ. ಚಾವಣಿ, ಹೆಂಚು, ಹೊರಗೋಡೆ, ಸಜ್ಜಾ, ನೀರಿನ ಪೈಪು, ವೈರಿಂಗ್ ಓನರ್ ಹೊಣೆ. ಬಲ್ಬು, ನಲ್ಲಿ ವಾಷರ್ ಥರದ್ದು ನನ್ನ ಹೊಣೆ. ಸೋರಿಕೆ ಬಗ್ಗೆ ಬರೆದು ತಿಳಿಸಿದ ಹದಿನೈದು ದಿನದಲ್ಲಿ ಸರಿಪಡಿಸಬೇಕು, ಇಲ್ಲದಿದ್ದರೆ ನಾನು ಮಾಡಿಸಿ ಬಿಲ್ ಸಮೇತ ಮುರಿದುಕೊಳ್ಳುತ್ತೇನೆ. ಮಳೆಯ ತೇವದಿಂದ ಆದ ಬೂಷ್ಟು ಬಾಡಿಗೆದಾರರ ಹಾನಿ ಅಲ್ಲ. ಬಿಡುವಾಗ ಎರಡೂ ಕಡೆ ಎರಡು ತಿಂಗಳ ನೋಟಿಸ್. ಇದು ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾನೂನಿನಲ್ಲಿರುವುದು 15 ದಿನದ ನೋಟಿಸ್ ಮಾತ್ರ. ಮಕ್ಕಳ ಸ್ಕೂಲ್ ನಡುವೆ ಹದಿನೈದು ದಿನದಲ್ಲಿ ಮನೆ ಹುಡುಕುವುದು ಸುಲಭ ಅಲ್ಲ, ಅಲ್ವಾ?

ಓನರ್ ಮೊದಲು ಮುಖ ಗಂಟು ಹಾಕಿದರು. ‘ಇಷ್ಟೆಲ್ಲ ಯಾಕೆ, ನಂಬಿಕೆ ಮೇಲೆ ನಡೆಯುತ್ತೆ’ ಎಂದರು. ‘ನಂಬಿಕೆ ಇದೆ, ನಾಳೆ ನಿಮ್ಮ ಮಗ ಬಂದರೂ ಇದೇ ಮಾತು ನಡೆಯಲಿ ಅಂತ ಬರೆಸುತ್ತಿದ್ದೇನೆ’ ಎಂದೆ. ಅದು ಅವರಿಗೆ ಸರಿ ಕಂಡಿತು.

ಕರಾರನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಸುವುದು ಯಾಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ಪಡೆಯುತ್ತಾ ಹೋದರೆ ನಾವು ತಿಂಗಳ ಲೆಕ್ಕದ ಬಾಡಿಗೆದಾರರಾಗಿ ಮುಂದುವರಿಯುತ್ತೇವೆ. ಆದರೂ ಹೊಸದಾಗಿ ಬರೆಸುವುದೇ ಒಳ್ಳೆಯದು. ಸ್ಟಾಂಪ್ ಶುಲ್ಕದಲ್ಲಿ ಉಳಿಸಲು ಹೋಗಬೇಡಿ. ಕಡಿಮೆ ಸ್ಟಾಂಪ್ ಇರುವ ಪತ್ರವನ್ನು ಕೋರ್ಟ್ ಸಾಕ್ಷಿಯಾಗಿ ಒಪ್ಪಬೇಕಾದರೆ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಭೋಗ್ಯದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬಾಡಿಗೆ ಇಲ್ಲ, ಒಟ್ಟಿಗೆ ಲಕ್ಷಗಟ್ಟಲೆ ಕೊಟ್ಟರೆ ಎರಡು ಮೂರು ವರ್ಷ ಇರಬಹುದು. ಕೇಳಲು ಹಿತವಾಗಿರುತ್ತದೆ. ನನಗೂ ಒಂದು ಮನೆ ಹಾಗೆ ಬಂದಿತ್ತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಇ.ಸಿ., ತೆಗೆಸಿದೆ. ಮನೆಯ ಮೇಲೆ ಬ್ಯಾಂಕ್ ಸಾಲ ಇತ್ತು. ಓನರ್ ಕಂತು ಕಟ್ಟದಿದ್ದರೆ ಬ್ಯಾಂಕ್ ಮನೆ ವಶಕ್ಕೆ ಪಡೆಯುತ್ತದೆ. ಆಗ ನೋಂದಣಿ ಆಗದ ಭೋಗ್ಯದ ಕಾಗದ ಹಿಡಿದು ನಿಂತವರಿಗೆ ಹೆಚ್ಚಿನ ಬಲ ಇರುವುದಿಲ್ಲ. ದುಡ್ಡು ಮತ್ತು ಮನೆ ಎರಡೂ ಹೋಗುವ ಅಪಾಯ ಅದು. ಜೀವಮಾನದ ಉಳಿತಾಯವನ್ನು ಹೀಗೆ ಸುಮ್ನೆ ಒಂದು ಸ್ಟಾಂಪ್ ಕಾಗದದ ಮೇಲೆ ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಭೋಗ್ಯಕ್ಕೇ ಹೋಗುವುದಾದರೆ ಋಣಭಾರ ಪತ್ರ ನೋಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಓನರ್ ನೋಂದಣಿಗೆ ಒಪ್ಪದಿದ್ದರೆ ಆ ಮನೆ ಬಿಡಿ.

ಒಳಗೆ ಹೋಗುವ ದಿನ ಪ್ರತಿ ಕೋಣೆಯ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್ ಕಳಿಸಿದೆ. ಮೆಸ್ಕಾಂ ಮೀಟರ್ ರೀಡಿಂಗ್ ಕೂಡ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದೆ ಇದ್ದವರ ಆಧಾರ್ ಆ ಮೀಟರ್‌ಗೆ ಜೋಡಣೆ ಆಗಿದ್ದರೆ ಮೊದಲು ಅದನ್ನು ಬಿಡಿಸಬೇಕು. ಬಾಡಿಗೆಯನ್ನು ಯಾವತ್ತೂ ಕೈಯಲ್ಲಿ ಕೊಡಲಿಲ್ಲ, ಬ್ಯಾಂಕ್ ಖಾತೆಗೇ ಹಾಕಿದೆ.

ಮುಂದಿನ ಮಳೆಗಾಲದಲ್ಲಿ ಅಡುಗೆಮನೆಯ ಮೂಲೆ ಸೋರಿತು. ಫೋಟೋ ಕಳಿಸಿದೆ. ‘ಮಳೆ ನಿಲ್ಲಲಿ’ ಎಂದರು. ಮಲೆನಾಡಿನಲ್ಲಿ ಮಳೆ ನಿಲ್ಲುವುದು ಎಂದರೆ ದಸರಾ ಹೊತ್ತಿಗೆ. ಕರಾರಿನ ಸಾಲು ಉಲ್ಲೇಖಿಸಿ ಒಂದು ಕಾಗದ ಬರೆದು ಸ್ಪೀಡ್ ಪೋಸ್ಟ್ ಮಾಡಿದೆ. ಹದಿನೈದು ದಿನ ಕಾದೆ. ಗಾರೆಯವರನ್ನು ಕರೆಸಿ ಮಳೆ ಬಿಡುವು ಕೊಟ್ಟಾಗ ಬಿರುಕು ಮುಚ್ಚಿಸಿದೆ, ಬಿಲ್ ಕಳಿಸಿ ಆ ತಿಂಗಳ ಬಾಡಿಗೆಯಲ್ಲಿ ಅಷ್ಟನ್ನೇ ಮುರಿದೆ. ಬಾಡಿಗೆ ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದರೆ ತಪ್ಪು ನಮ್ಮ ಕಡೆ ಬರುತ್ತದೆ. ಮಾತು ಕಾವೇರಿದಾಗ ‘ಬೀಗ ಹಾಕ್ತೀನಿ’ ಎಂಬ ಮಾತೂ ಬಂತು. ಬಾಡಿಗೆ ಕಟ್ಟುತ್ತಿರುವವರನ್ನು ಕೋರ್ಟ್ ಆದೇಶ ಇಲ್ಲದೆ ಹೊರಹಾಕುವಂತಿಲ್ಲ. ಹಾಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ಇದನ್ನು ಶಾಂತವಾಗಿಯೇ ಹೇಳಿದೆ. ಆ ಮಾತು ಮತ್ತೆ ಬರಲಿಲ್ಲ.

ಮನೆ ಬಿಡುವಾಗ ತಕರಾರು ಎದ್ದಿದ್ದು ಪೇಂಟಿಂಗ್‌ಗೆ. ಪೂರ್ತಿ ಮನೆಯ ಪೇಂಟ್ ಖರ್ಚನ್ನು ಅಡ್ವಾನ್ಸ್‌ನಲ್ಲಿ ಹಿಡಿಯುತ್ತೇನೆ ಎಂದರು. ಅದೇ 108ನೇ ಕಲಂ ಹೇಳುವಂತೆ ಮನೆಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಸವೆತ ಅದಕ್ಕೆ ಸೇರುವುದಿಲ್ಲ. ವಿಡಿಯೋ ತೋರಿಸಿದೆ, ಬೂಷ್ಟಿನ ಸಾಲು ತೋರಿಸಿದೆ. ಒಪ್ಪಲಿಲ್ಲ. ಆಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ.

ಅಲ್ಲಿ ಕೂತು ಮಾತಾಡಿದ ಮೇಲೆ, ಮೊಳೆ ಹೊಡೆದು ಗಾರೆ ಕಿತ್ತ ಜಾಗಕ್ಕೆ ಒಂದಿಷ್ಟು ಹಿಡಿದು ಉಳಿದ ಅಡ್ವಾನ್ಸ್ ವಾಪಸ್ ಕೊಡುವುದೆಂದಾಯಿತು. ದುಡ್ಡು ಖಾತೆಗೆ ಬಂದ ಮೇಲೆಯೇ ಬೀಗದ ಕೈ ಕೊಟ್ಟೆ. ಕರಾರು ಪತ್ರದ ಹಿಂಬದಿಯಲ್ಲಿ ‘ಮನೆ ಒಪ್ಪಿಸಿದೆ, ಅಡ್ವಾನ್ಸ್ ಚುಕ್ತಾ ಆಗಿದೆ’ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಗೃಹಜ್ಯೋತಿಯಿಂದ ನನ್ನ ಆಧಾರ್ ಬಿಡಿಸಿದೆ, ಮುಂದೆ ಬರುವವರಿಗೆ ತೊಂದರೆ ಆಗಬಾರದಲ್ಲ.