ಅಪ್ಪನ ಕಡೆ, ಅಮ್ಮನ ಕಡೆ: ಪ್ರಾಸ್ಟೇಟ್ ಕ್ಯಾನ್ಸರಿನ ವಂಶಪಟ್ಟಿ ಬರೆಯುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಅಳಿಯಸಂತಾನದ (ಅಮ್ಮನ ಕಡೆಯಿಂದ ವಂಶ ಎಣಿಸುವ) ಮನೆಯವರನ್ನು ‘ನಿಮ್ಮ ಬರಿ (ಅಮ್ಮನ ಕಡೆಯ ಕುಲ) ಯಾವುದು?’ ಎಂದು ಕೇಳಿ, ತಟ್ಟನೆ ಹೇಳುತ್ತಾರೆ. ಅಮ್ಮನ ಕುಟುಂಬದ ಮನೆ, ಸೋದರಮಾವಂದಿರು, ಅಜ್ಜಿಯ ಅಕ್ಕತಂಗಿಯರು ಎಲ್ಲ ಬಾಯಿಪಾಠ. ದೊಡ್ಡಪ್ಪ ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಗೋತ್ರ ಹೇಳುವ ಮನೆಗಳಲ್ಲಿ ಇದು ಉಲ್ಟಾ. ಪ್ರಾಸ್ಟೇಟ್ ಕ್ಯಾನ್ಸರಿನ ಮಟ್ಟಿಗೆ ಎರಡೂ ಅರ್ಧ ಲೆಕ್ಕವೇ. ಜೀನ್ ಬರಿಯನ್ನೂ ನೋಡುವುದಿಲ್ಲ, ಗೋತ್ರವನ್ನೂ ನೋಡುವುದಿಲ್ಲ. ಪ್ರಾಸ್ಟೇಟ್ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅಮ್ಮನಿಗೆ ಅದು ಇಲ್ಲವೇ ಇಲ್ಲ, ಆದರೂ ಮಗನಿಗೆ ಈ ಅಪಾಯ ಅವಳಿಂದ ಬರಬಹುದು.

ಹಾಗಾಗಿ ಲ್ಯಾಬಿಗೆ ಓಡುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ.

ಪಟ್ಟಿ ಬರೆಯಿರಿ

ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ನಿಮ್ಮಿಂದ ಶುರು ಮಾಡಿ ಅಪ್ಪ ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮೇಲೆ ಎರಡೂ ಕಡೆಯ ಅಜ್ಜ ಅಜ್ಜಿ, ಅವರ ಮಕ್ಕಳು. ಕ್ಯಾನ್ಸರ್ ಬಂದವರ ಗುರುತಿಗೆ ಕಪ್ಪು ತುಂಬಿ. ಪಕ್ಕದಲ್ಲಿ ಯಾವ ಅಂಗ, ಯಾವ ವಯಸ್ಸಿನಲ್ಲಿ ಗೊತ್ತಾಯಿತು ಎಂದು ಬರೆಯಿರಿ. ತೀರಿಕೊಂಡ ವಯಸ್ಸಿಗಿಂತ ಕಾಯಿಲೆ ಗೊತ್ತಾದ ವಯಸ್ಸೇ ಮುಖ್ಯ.

ಬರೀ ಪ್ರಾಸ್ಟೇಟ್ ಕೇಳಿದರೆ ಸಾಲದು. ಸ್ತನ, ಅಂಡಾಶಯ, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು, ಗರ್ಭಕೋಶ ಇವುಗಳ ಕ್ಯಾನ್ಸರನ್ನೂ ಕೇಳಿ. ಒಂದು ಮನೆ ಹೀಗಿದೆ ಎಂದುಕೊಳ್ಳಿ. ಸೋದರಮಾವನಿಗೆ 57ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಅಮ್ಮನ ಅಕ್ಕ ದೊಡ್ಡಮ್ಮನಿಗೆ 44ರಲ್ಲಿ ಸ್ತನ ಕ್ಯಾನ್ಸರ್, ಅಮ್ಮ ಆರಾಮಾಗಿದ್ದಾರೆ. ‘ನಮ್ಮಪ್ಪನಿಗೆ ಏನೂ ಇಲ್ಲ’ ಎಂದು ಮಗ ನಿಶ್ಚಿಂತೆಯಿಂದ ಇರುತ್ತಾನೆ. ವೈದ್ಯರ ಕಣ್ಣು ಹೋಗುವುದು ಇಂಥ ಮನೆಯ ಮೇಲೆಯೇ. ಮಾವ, ದೊಡ್ಡಮ್ಮ ಇಬ್ಬರಲ್ಲೂ ಒಂದೇ ಜೀನ್ ಕೆಟ್ಟಿದ್ದರೆ, ಅದು ಅಮ್ಮನಲ್ಲೂ ಇರಬಹುದು. ಅಮ್ಮನಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಕೇಳಲು ಒಳ್ಳೆಯ ಸಮಯ ನಾಗರಪಂಚಮಿ, ಇಲ್ಲವೇ ಕುಟುಂಬದ ಮನೆಯಲ್ಲಿ ದೈವ, ನಾಗನಿಗೆ ಸಲ್ಲಿಸುವ ಸೇವೆಯಾದ ತಂಬಿಲ. ಬೊಂಬಾಯಿಯವರೂ ಬಂದಿರುತ್ತಾರೆ. ಅರಸಿನ ಎಲೆಯ ಗಟ್ಟಿ ತಿನ್ನುತ್ತಾ ಕೂತ ಹಿರಿಯ ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ ಗೊತ್ತಿರುತ್ತದೆ. ಆದರೆ ಕ್ಯಾನ್ಸರ್ ಎಂಬ ಹೆಸರು ಅವರ ಬಾಯಲ್ಲಿ ಬರುವುದು ಕಡಿಮೆ. ‘ಗಡ್ಡೆ ಆಗಿತ್ತು’, ‘ಹೊಟ್ಟೆಯಲ್ಲಿ ನೀರು ತುಂಬಿತ್ತು’, ‘ಕೊನೆಗೆ ಸೊಂಟನೋವು ತಡೆಯಲಾಗಲಿಲ್ಲ’ ಎಂದೆಲ್ಲ ಹೇಳುತ್ತಾರೆ. ಅದನ್ನೇ ಹಾಗೇ ಬರೆದುಕೊಳ್ಳಿ, ನೀವೇ ಅರ್ಥ ಹಚ್ಚಬೇಡಿ. ಅಪ್ಪನ ಕುಟುಂಬದ ಮನೆಗೂ ಇನ್ನೊಂದು ದಿನ ಹೋಗಿ ಬನ್ನಿ.

‘ಪ್ರಾಸ್ಟೇಟ್ ಆಪರೇಷನ್ ಆಗಿತ್ತು’ ಎಂಬ ಮಾತನ್ನಂತೂ ಹಾಗೇ ನಂಬಬೇಡಿ. ವಯಸ್ಸಾದಂತೆ ಗ್ರಂಥಿ ಊದಿಕೊಳ್ಳುವುದು ಸಾಮಾನ್ಯ. ಮೂತ್ರಕ್ಕೆ ತಡೆಯಾದಾಗ ಒಳಗಿಂದ ಕೆರೆದು ತೆಗೆಯುತ್ತಾರೆ, ಅದು ಕ್ಯಾನ್ಸರ್ ಅಲ್ಲ. ಕಪಾಟಿನಲ್ಲಿ ಹಳೆಯ ಬಯಾಪ್ಸಿ ರಿಪೋರ್ಟ್ ಇದ್ದರೆ ಅದರಲ್ಲಿ ‘ಗ್ಲೀಸನ್ ಸ್ಕೋರ್’ ಹುಡುಕಿ. ಅದು 6ರಿಂದ 10ರವರೆಗೆ ಇರುತ್ತದೆ. 8 ಅಥವಾ ಮೇಲಿದ್ದರೆ ರೋಗ ಜೋರಿನದು. ಆ ಹಾಳೆಯ ಫೋಟೊ ತೆಗೆದುಕೊಳ್ಳಿ.

ಯಾವ ಜೀನ್?

ಎಲ್ಲಕ್ಕಿಂತ ಮುಖ್ಯವಾದದ್ದು ಬಿಆರ್‌ಸಿಎ2. ಸ್ತನ ಕ್ಯಾನ್ಸರಿನ ಜೀನ್ ಎಂದೇ ಅದಕ್ಕೆ ಹೆಸರು. ಮಳೆಗಾಲದಲ್ಲಿ ಮಲ್ಪೆಯಲ್ಲಿ ಹರಿದ ಬಲೆ ಹೊಲಿಯುತ್ತಾರಲ್ಲ, ಮುರಿದ ಡಿಎನ್ಎಗೆ ಈ ಜೀನ್ ಮಾಡುವ ಕೆಲಸವೂ ಅಂಥದ್ದೇ. ಅದು ಕೆಟ್ಟರೆ ರೋಗ ಬೇಗ ಬರಬಹುದು, ಬಂದಾಗ ಜೋರಾಗಿರಬಹುದು. ಬಿಆರ್‌ಸಿಎ1, ಎಟಿಎಂ, ಸಿಎಚ್‌ಇಕೆ2, ಲಿಂಚ್ ಸಿಂಡ್ರೋಮಿನ (ದೊಡ್ಡ ಕರುಳು, ಗರ್ಭಕೋಶದ ಕ್ಯಾನ್ಸರ್ ವಂಶದಲ್ಲಿ ಹರಿದುಬರುವ ಸ್ಥಿತಿ) ಎಂಎಸ್‌ಎಚ್2 ಕೂಡ ಪಟ್ಟಿಯಲ್ಲಿವೆ. ಇಂಟರ್ನೆಟ್ಟಿನಲ್ಲಿ ಎಚ್‌ಒಎಕ್ಸ್‌ಬಿ13 ಜಾಸ್ತಿ ಕಾಣುತ್ತದೆ. 2012ರಲ್ಲಿ ಪ್ರಕಟವಾದ ಅದರ ಜಿ84ಇ ಬದಲಾವಣೆ ಮುಖ್ಯವಾಗಿ ಉತ್ತರ ಯುರೋಪ್ ಮೂಲದವರಲ್ಲಿ ಕಂಡದ್ದು. ಅದಕ್ಕಾಗಿ ನಾವು ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಒಂದೇ ಜೀನ್ ಇಷ್ಟು ದೊಡ್ಡ ಕಾರಣವಾಗುವ ಮನೆಗಳು ಕಡಿಮೆ. ಉಳಿದ ಕಡೆ ನೂರಾರು ಸಣ್ಣ ಬದಲಾವಣೆಗಳು ಸೇರಿ ಅಪಾಯ ಏರಿಸುತ್ತವೆ. ಅಪ್ಪನಿಗೋ ಅಣ್ಣನಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದರೆ ನಿಮ್ಮ ಅಪಾಯ ಸುಮಾರು ಎರಡು ಪಟ್ಟು. ಜೀನ್ ಟೆಸ್ಟಿನಲ್ಲಿ ಏನೂ ಸಿಗದಿದ್ದರೂ ಆ ಲೆಕ್ಕ ಅಳಿಸಿಹೋಗುವುದಿಲ್ಲ.

ಟೆಸ್ಟ್ ಮೊದಲು ಯಾರಿಗೆ?

ಆರಾಮಾಗಿರುವ ನಿಮಗಲ್ಲ, ಕಾಯಿಲೆ ಬಂದವರಿಗೆ. ಮಾವ ಬದುಕಿದ್ದರೆ ಮೊದಲು ಅವರ ರಕ್ತ ಅಥವಾ ಜೊಲ್ಲು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ದೇಹದ ಬೇರೆ ಕಡೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಮನೆಯ ಇತಿಹಾಸ ಏನೇ ಇರಲಿ, ಈ ಪರೀಕ್ಷೆ ಬೇಕು. 2016ರ ಒಂದು ಅಧ್ಯಯನದಲ್ಲಿ ಅಂಥ ನೂರರಲ್ಲಿ ಸುಮಾರು 12 ಮಂದಿಗೆ ಹುಟ್ಟಿನಿಂದಲೇ ಇಂಥ ರಿಪೇರಿ ಜೀನಿನ ದೋಷವಿತ್ತು. ಅವರಿಗೂ ಲಾಭವಿದೆ: ಬಿಆರ್‌ಸಿಎ ದೋಷ ಇದ್ದವರಿಗೆ ಓಲಾಪರಿಬ್‌ನಂಥ ಮಾತ್ರೆಗಳಿವೆ.

ಪಟ್ಟಿ ಹಿಡಿದು ಮೊದಲು ಮೂತ್ರರೋಗ ತಜ್ಞರನ್ನೋ ಕ್ಯಾನ್ಸರ್ ತಜ್ಞರನ್ನೋ ನೋಡಿ, ಜೆನೆಟಿಕ್ ಕೌನ್ಸೆಲಿಂಗ್ ಕೇಳಿ. ಮಣಿಪಾಲದ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ಸುಮ್ನೆ ಆನ್‌ಲೈನಿನಲ್ಲಿ ಕಿಟ್ ತರಿಸಬೇಡಿ.

ರಿಪೋರ್ಟ್ ಬಂದ ಮೇಲೆ

ಪಾಸಿಟಿವ್ ಅಂದರೆ ಕ್ಯಾನ್ಸರ್ ಇದೆ ಎಂದಲ್ಲ, ತಪಾಸಣೆ ಬೇಗ ಶುರುವಾಗಬೇಕು ಎಂದು. ಯುರೋಪಿನ ಮೂತ್ರರೋಗ ತಜ್ಞರ ಸಂಘದ ಸಲಹೆ ಹೀಗಿದೆ: ಸಾಮಾನ್ಯರು 50 ದಾಟಿದ ಮೇಲೆ, ಮನೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು 45ರಿಂದ, ಬಿಆರ್‌ಸಿಎ2 ದೋಷ ಇರುವವರು 40ರಿಂದ ಪಿಎಸ್‌ಎ ರಕ್ತಪರೀಕ್ಷೆಯ (ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುವುದು) ಬಗ್ಗೆ ವೈದ್ಯರಲ್ಲಿ ಮಾತಾಡಬೇಕು. ಮೂತ್ರದ ಸೋಂಕಿದ್ದರೂ ಪಿಎಸ್‌ಎ ಏರುತ್ತದೆ. ಗ್ರಂಥಿ ಊದಿದ್ದಕ್ಕೆ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ತಿಂದಿದ್ದರೆ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಮಾತ್ರೆಯ ಚೀಟಿ ತೋರಿಸಲು ಮರೆಯಬೇಡಿ.

ಕೆಲವೊಮ್ಮೆ ‘ವಿಯುಎಸ್’ ಎಂದು ಬರುತ್ತದೆ. ಬದಲಾವಣೆ ಇದೆ, ಅದು ಕೆಟ್ಟದ್ದೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಅದನ್ನು ನಂಬಿ ಯಾವ ಚಿಕಿತ್ಸೆಯೂ ಬೇಡ. ಎರಡು ಮೂರು ವರ್ಷ ಬಿಟ್ಟು ವೈದ್ಯರ ಹತ್ತಿರ ಮತ್ತೆ ಕೇಳಿ, ಅಷ್ಟರಲ್ಲಿ ಉತ್ತರ ಬದಲಾಗಿರಬಹುದು.

ಬಿಆರ್‌ಸಿಎ ದೋಷ ಖಚಿತವಾದರೆ ಅಕ್ಕತಂಗಿಯರಿಗೆ, ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಅವರಿಗಿದೆ, ಮದುವೆಯಾಗಿ ಬೇರೆ ಮನೆಗೆ ಹೋಗಿದ್ದರೂ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕುವ ಸುದ್ದಿ ಇದಲ್ಲ, ಒಬ್ಬೊಬ್ಬರಿಗೇ ಫೋನ್ ಮಾಡಿ. ರಿಪೋರ್ಟಿನ ಪ್ರತಿಯನ್ನೂ ಕಳಿಸಿ, ಅವರ ವೈದ್ಯರು ಕೇಳುವುದು ಅದನ್ನೇ.