ತಂತ್ರಾಂಶದ ಜನಪ್ರಿಯತೆಯನ್ನು ಗೂಗಲ್ ಟ್ರೆಂಡ್ಸ್ ಮೂಲಕ ಅಳೆಯುವ ಬಗೆ

ಒಂದು ತಂತ್ರಾಂಶವನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂಬ ನೇರ ಲೆಕ್ಕ ಹೊರಗಿನವರಿಗೆ ಸಿಗುವುದು ಅಪರೂಪ. ಮುಕ್ತ ತಂತ್ರಾಂಶವನ್ನಂತೂ ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ್ದರಿಂದ ಡೌನ್‌ಲೋಡ್ ಸಂಖ್ಯೆಯನ್ನೂ ಪೂರ್ತಿ ನಂಬುವಂತಿಲ್ಲ. ಇಂಥಲ್ಲಿ ಜನ ಏನನ್ನು ಹುಡುಕುತ್ತಿದ್ದಾರೆ ಎಂಬ ಮಾಹಿತಿ ನೆರವಿಗೆ ಬರುತ್ತದೆ. ಗೂಗಲ್‌ನಲ್ಲಿ ಜನ ಯಾವ ಪದವನ್ನು ಎಷ್ಟರಮಟ್ಟಿಗೆ ಹುಡುಕುತ್ತಿದ್ದಾರೆ ಎಂದು ಗೆರೆಯ ನಕ್ಷೆಯಲ್ಲಿ ತೋರಿಸುವ ಗೂಗಲ್ ಟ್ರೆಂಡ್ಸ್ ತಾಣದಲ್ಲಿ 2004ರಿಂದ ಈಚಿನ ಮಾಹಿತಿ ಉಚಿತವಾಗಿ ಲಭ್ಯವಿದೆ.

ಮೊದಲು ಅಂಕಿಯ ಅರ್ಥವನ್ನು ತಿಳಿದುಕೊಳ್ಳಬೇಕು. ಅಲ್ಲಿ ಕಾಣುವ 0ರಿಂದ 100ರವರೆಗಿನ ಅಂಕಿ ಹುಡುಕಾಟಗಳ ಸಂಖ್ಯೆಯಲ್ಲ. ಆಯಾ ಪ್ರದೇಶದಲ್ಲಿ, ಆಯಾ ಅವಧಿಯಲ್ಲಿ ನಡೆದ ಒಟ್ಟು ಹುಡುಕಾಟಗಳಲ್ಲಿ ಆ ಪದದ ಪಾಲೆಷ್ಟು ಎಂದು ಲೆಕ್ಕ ಹಾಕಿ, ಅದು ಅತಿ ಹೆಚ್ಚಿದ್ದ ಘಟ್ಟವನ್ನು 100 ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ ತೋರಿಸಲಾಗುತ್ತದೆ. ತಪ್ಪು ತೀರ್ಮಾನಗಳಲ್ಲಿ ಬಹುಪಾಲು ಇದನ್ನು ಮರೆಯುವುದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರನ್ನು ನಡೆಸುವ ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ 'ಲಿನಕ್ಸ್' ಪದದ ಗೆರೆ 2004ರಿಂದ ಬಹುಕಾಲ ಇಳಿಯುತ್ತಲೇ ಬಂದಿದೆ. ಆದರೆ ಅದೇ ಅವಧಿಯಲ್ಲಿ ಲಿನಕ್ಸ್ ತಿರುಳಿನ (ಕರ್ನಲ್) ಮೇಲೆ ನಿಂತ ಆಂಡ್ರಾಯ್ಡ್ ಕೋಟ್ಯಂತರ ಫೋನುಗಳನ್ನು ಸೇರಿತು. ಅಂತರ್ಜಾಲಕ್ಕೆ ಎಲ್ಲ ಬಗೆಯ ಜನರೂ ಬಂದಂತೆ ತಾಂತ್ರಿಕ ಹುಡುಕಾಟಗಳ ಪಾಲು ಕುಗ್ಗಿತೇ ಹೊರತು ಲಿನಕ್ಸ್‌ನ ಬಳಕೆ ಕುಗ್ಗಲಿಲ್ಲ. ಆದ್ದರಿಂದ ಒಂದೇ ಗೆರೆಯನ್ನು ನೋಡದೆ, ಒಂದೇ ಕೆಲಸಕ್ಕೆ ಬಳಸುವ ತಂತ್ರಾಂಶಗಳನ್ನು, ಉದಾಹರಣೆಗೆ ಕಚೇರಿ ಕೆಲಸದ ಲಿಬ್ರೆಆಫೀಸ್ ಮತ್ತು ಓಪನ್‌ಆಫೀಸ್‌ಗಳನ್ನು, ಒಟ್ಟಿಗಿಟ್ಟು ಹೋಲಿಸುವುದು ಕ್ಷೇಮ.

ಎರಡನೆಯದು ಹೆಸರಿನ ತೊಡಕು. 'ಬ್ಲೆಂಡರ್' ಎಂದು ಬರಿದೇ ಪದ ಕೊಟ್ಟರೆ ಮೂರು ಆಯಾಮದ ಚಿತ್ರ ರಚಿಸುವವರ ಜೊತೆಗೆ ಅಡುಗೆಮನೆಗೆ ಮಿಕ್ಸಿ ಕೊಳ್ಳುವವರೂ ಲೆಕ್ಕಕ್ಕೆ ಸೇರುತ್ತಾರೆ. ಟೈಪ್ ಮಾಡುವಾಗ ಕೆಳಗೆ ಮೂಡುವ ಸಲಹೆಗಳಲ್ಲಿ ತಂತ್ರಾಂಶವೆಂದು ಗುರುತಿಸಿರುವ ವಿಷಯವನ್ನೇ ಆರಿಸಿ. ಅದು ಬೇರೆ ಬೇರೆ ಭಾಷೆಗಳ ಹುಡುಕಾಟಗಳನ್ನೂ ಒಟ್ಟುಗೂಡಿಸುತ್ತದೆ. ಒಂದು ಕಡೆ ವಿಷಯ, ಇನ್ನೊಂದು ಕಡೆ ಬರಿಯ ಪದ ಇಟ್ಟು ಹೋಲಿಸಬೇಡಿ. 'ನುಡಿ', 'ಬರಹ'ದಂಥ ನಮ್ಮ ತಂತ್ರಾಂಶಗಳ ಹೆಸರುಗಳು ದಿನಬಳಕೆಯ ಪದಗಳೂ ಆಗಿರುವುದರಿಂದ ಇಲ್ಲಿ ಇನ್ನಷ್ಟು ಎಚ್ಚರ ಬೇಕು.

ಗೆರೆ ಥಟ್ಟನೆ ಮೇಲೇರಿದ್ದರೆ ಕಾರಣ ಹುಡುಕದೆ ಮುಂದೆ ಹೋಗಬೇಡಿ. 2021ರ ಡಿಸೆಂಬರಿನಲ್ಲಿ, ಜಾವಾ ತಂತ್ರಾಂಶಗಳ ಚಟುವಟಿಕೆಯನ್ನು ದಾಖಲಿಸಲು ಬಳಸುವ ಲಾಗ್‌ಫೋರ್‌ಜೆಯ ಹುಡುಕಾಟ ಏಕಾಏಕಿ ಏರಿದ್ದು ಅದರಲ್ಲಿ ಗಂಭೀರ ಭದ್ರತಾ ದೋಷ ಪತ್ತೆಯಾದದ್ದರಿಂದ. ಹೊಸಬರು ಅದನ್ನು ಮೆಚ್ಚಿಕೊಂಡದ್ದರಿಂದಲ್ಲ. ಪುಟದ ಕೆಳಭಾಗದ ಸಂಬಂಧಿತ ಹುಡುಕಾಟಗಳ ಪಟ್ಟಿಯಲ್ಲಿ ಡೌನ್‌ಲೋಡ್, ಟ್ಯುಟೋರಿಯಲ್ ಎಂಬ ಪದಗಳಿವೆಯೋ ಅಥವಾ ದೋಷ, ತೆಗೆದುಹಾಕುವ ಬಗೆ ಎಂಬಂಥವಿವೆಯೋ ಎಂದು ನೋಡಿದರೆ ಏರಿಕೆಯ ಸ್ವರೂಪ ಸ್ಪಷ್ಟವಾಗುತ್ತದೆ. 90 ದಿನಗಳ ಅವಧಿಯನ್ನು ಆರಿಸಿಕೊಂಡರೆ ದಿನವಾರು ಅಂಕಿಗಳು ಸಿಗುತ್ತವೆ. ಅದರಲ್ಲಿ ಪ್ರತಿ ಶನಿವಾರ, ಭಾನುವಾರ ಗೆರೆ ಕುಸಿಯುತ್ತಿದ್ದರೆ ಆ ತಂತ್ರಾಂಶ ಹೆಚ್ಚಾಗಿ ಕಚೇರಿ, ಕಾಲೇಜುಗಳಲ್ಲಿ ಬಳಕೆಯಾಗುತ್ತಿದೆ ಎಂದು ಊಹಿಸಬಹುದು.

ಟ್ರೆಂಡ್ಸ್ ಎಲ್ಲ ಹುಡುಕಾಟಗಳನ್ನೂ ಎಣಿಸದೆ ಮಾದರಿಯನ್ನಷ್ಟೇ ತೆಗೆದುಕೊಳ್ಳುವುದರಿಂದ, ಬೇರೊಂದು ದಿನ ಅದೇ ಪ್ರಶ್ನೆಗೆ ತುಸು ಬೇರೆ ಅಂಕಿ ಬರಬಹುದು. ಸಣ್ಣ ತಂತ್ರಾಂಶಗಳಿಗೆ 0 ಎಂದೇ ತೋರಿಸಬಹುದು. ಪ್ರೋಗ್ರಾಮಿಂಗ್ ಭಾಷೆಗಳ ವಿಷಯದಲ್ಲಿ ಸಿದ್ಧ ಸೂಚ್ಯಂಕಗಳೂ ಇವೆ. ಟಿಯೋಬಿ ಎಂಬ ಸೂಚ್ಯಂಕ ಗೂಗಲ್‌ನಂಥ ಶೋಧಕಗಳಲ್ಲಿ ಸಿಗುವ ಫಲಿತಾಂಶ ಪುಟಗಳ ಸಂಖ್ಯೆಯನ್ನು ಆಧರಿಸಿದ್ದರೆ, ಪಿವೈಪಿಎಲ್ ಎಂಬ ಸೂಚ್ಯಂಕ ಆಯಾ ಭಾಷೆಯ ಟ್ಯುಟೋರಿಯಲ್‌ಗಳನ್ನು ಜನ ಎಷ್ಟು ಹುಡುಕಿದರು ಎಂಬುದನ್ನು ಆಧರಿಸಿದೆ. ಹೊಸದಾಗಿ ಕಲಿಯುವವರ ಒಲವನ್ನು ತಿಳಿಯಬೇಕಾದರೆ ಎರಡನೆಯದನ್ನೇ ನೋಡಿ.