ಆ್ಯಪ್ ತೆರೆಯದಿದ್ದರೂ ಅಡಿಕೆ ಧಾರಣೆ ತಲುಪಬೇಕು: ನಾನು ಮಾಡಿದ ರೀತಿ

ಅಡಿಕೆ ಧಾರಣೆ ತಿಳಿಸುವ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ರೇಟು ಗೊತ್ತಾದ ಕೂಡಲೇ ಬೆಳೆಗಾರರ ಫೋನಿಗೆ ನೋಟಿಫಿಕೇಶನ್ ಹೋಗಬೇಕು. ಜೊತೆಗೆ ಆ್ಯಪ್ ಒಳಗಿನ ದರಪಟ್ಟಿಯೂ ತಾನಾಗೇ ಬದಲಾಗಬೇಕು. ತಲೆ ತಿನ್ನುವುದು ಈ ಎರಡನೆಯದೇ.

ಕಳಿಸಲು ಬಳಸಿದ್ದು ಗೂಗಲ್‌ನ ಮೆಸೇಜ್ ಸೇವೆಯಾದ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್. ಅದರಲ್ಲಿ 'ನೋಟಿಫಿಕೇಶನ್' ಮೆಸೇಜ್ ಕಳಿಸಿದರೆ, ಆ್ಯಪ್ ಹಿನ್ನೆಲೆಯಲ್ಲಿದ್ದಾಗ ಆಂಡ್ರಾಯ್ಡೇ ಅದನ್ನು ತೋರಿಸಿ ಮುಗಿಸುತ್ತದೆ. ಮೆಸೇಜ್ ಬಂದಾಗ ಓಡಬೇಕಾದ ನಮ್ಮ ಆನ್‌ಮೆಸೇಜ್‌ರಿಸೀವ್ಡ್ ಫಂಕ್ಷನ್ ಓಡುವುದೇ ಇಲ್ಲ. ಪಟ್ಟಿ ಬದಲಾಯಿಸುವವರು ಯಾರು? ಅದಕ್ಕೇ ಬರೀ 'ಡೇಟಾ' ಮೆಸೇಜ್ ಕಳಿಸುತ್ತೇನೆ; ಅದು ಬಂದರೆ ಆ ಫಂಕ್ಷನ್ ಓಡುತ್ತದೆ. ನೋಟಿಫಿಕೇಶನ್ ತೋರಿಸುವ ಕೋಡನ್ನೂ ನಾನೇ ಬರೆದುಕೊಂಡೆ. ಡೇಟಾದಲ್ಲಿ ಪ್ರತಿ ವ್ಯಾಲ್ಯೂ ಕೂಡ ಸ್ಟ್ರಿಂಗ್ (ಪಠ್ಯ) ಆಗಿರಬೇಕು, ರೇಟಿನ ಅಂಕಿ ಕೂಡ.

ಆ ಫಂಕ್ಷನ್‌ಗೆ ಸಿಗುವುದು ಕೆಲವೇ ಸೆಕೆಂಡು. ಅಲ್ಲಿ ಎರಡೇ ಕೆಲಸ ಇಟ್ಟಿದ್ದೇನೆ: ರೇಟನ್ನು ಡೇಟಾಬೇಸಿಗೆ ಬರೆಯುವುದು, ನೋಟಿಫಿಕೇಶನ್ ತೋರಿಸುವುದು. ಹಿಂದಿನ ವಾರದ ಗ್ರಾಫ್ ಇಳಿಸುವಂಥದ್ದೆಲ್ಲ, ಹಿನ್ನೆಲೆ ಕೆಲಸ ನೋಡಿಕೊಳ್ಳುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಪಾಲಿಗೆ. ನೆಟ್‌ವರ್ಕ್ ಬಂದಾಗ ಅದು ನಿಧಾನಕ್ಕೆ ಮಾಡಿಕೊಳ್ಳುತ್ತದೆ.

ಕನ್ನಡದಲ್ಲಿ ಕಳಿಸುವವರಿಗೆ ಇನ್ನೊಂದು ಲೆಕ್ಕ ಇದೆ. ಒಂದು ಮೆಸೇಜ್‌ನ ಮಿತಿ 4096 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಅಕ್ಷರ, ಒತ್ತು ಮೂಡಿಸುವ ಅರ್ಧಾಕ್ಷರ ಚಿಹ್ನೆ (್), ಸ್ವರ ಚಿಹ್ನೆ ಎಲ್ಲಕ್ಕೂ ತಲಾ 3. ನೋಡಲು ಒಂದೇ ಅಕ್ಷರವಾದ 'ಸ್ತ್ರೀ' 18 ಬೈಟ್ ತಿನ್ನುತ್ತದೆ! ಹಾಗಾಗಿ ಮಾರುಕಟ್ಟೆಯ ಕೋಡ್, ಅಡಿಕೆಯ ಬಗೆಯ ಕೋಡ್, ರೇಟು ಮಾತ್ರ ಕಳಿಸುತ್ತೇನೆ. ರಾಶಿ, ಬೆಟ್ಟೆ ಅಂತೆಲ್ಲ ಕನ್ನಡದಲ್ಲಿ ಬರೆಯುವುದು ಫೋನಿನೊಳಗಿನ ಕೋಡ್. ಒಂದೇ ಮೆಸೇಜ್‌ನಲ್ಲಿ ಎಲ್ಲ ಮಾರುಕಟ್ಟೆಯೂ ಹಿಡಿಯುತ್ತದೆ.

ಫೋನ್ ಸುಮ್ನೆ ಮೇಜಿನ ಮೇಲೆ ಬಿದ್ದಿದ್ದರೆ ಬ್ಯಾಟರಿ ಉಳಿಸುವ ನಿದ್ದೆಯಾದ ಡೋಜ್‌ಗೆ ಜಾರುತ್ತದೆ. ಆಗ ಸಾಧಾರಣ ಮೆಸೇಜ್ ತಡವಾಗಬಹುದು. ರೇಟಿಗೆ 'ಹೈ' ಪ್ರಯಾರಿಟಿ ಕೊಟ್ಟೆ, ಉಳಿದ ಯಾವುದಕ್ಕೂ ಕೊಡಲಿಲ್ಲ. ಹೈ ಅಂತ ಕಳಿಸಿ ಬಳಕೆದಾರರಿಗೆ ಏನೂ ತೋರಿಸದೇ ಇದ್ದರೆ, ಮುಂದೆ ಅದನ್ನೂ ಸಾಧಾರಣಕ್ಕೆ ಇಳಿಸಿಬಿಡಬಹುದು. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿಯನ್ನೂ ಕೇಳಬೇಕು. ಆ್ಯಪ್ ತೆರೆದ ಕೂಡಲೇ ಕೇಳಿದರೆ ಯಾರು ಕೊಡ್ತಾರೆ? ಬಳಕೆದಾರರು ತಮ್ಮ ಮಾರುಕಟ್ಟೆ ಆರಿಸಿದ ಮೇಲೆ ಕೇಳುತ್ತೇನೆ.

ಸೆಟ್ಟಿಂಗ್ಸ್‌ಗೆ ಹೋಗಿ 'ಫೋರ್ಸ್ ಸ್ಟಾಪ್' ಒತ್ತಿದವರಿಗೆ ಇದ್ಯಾವುದೂ ನಡೆಯದು. ಅವರೇ ಮತ್ತೆ ಆ್ಯಪ್ ತೆರೆಯುವವರೆಗೆ ಮೆಸೇಜ್ ಬರುವುದಿಲ್ಲ. ಅಂಥವರಿಗಾಗಿ ತೆರೆದಾಗಲೆಲ್ಲ ಸರ್ವರ್‌ನಿಂದ ಪಟ್ಟಿ ತರಿಸುವ ಹಳೆಯ ಕೋಡನ್ನು ಹಾಗೇ ಉಳಿಸಿಕೊಂಡಿದ್ದೇನೆ.